ಒಂದೇ ಕೈಯಲ್ಲಿ ತೊಡುವ ಅಂಗಿ

"ರೀ, ನಿಮ್ಮನ್ನೇ! ಸ್ವಲ್ಪ ನಿಲ್ಲಿ... ಆ ಅಂಗಿ ಬಿಚ್ಚಿ!"

ಸಭಾಂಗಣದ ಮುಂದೆ ಸಾಲುಗಟ್ಟಿ ನಿಂತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಆ ಉದ್ದನೆಯ ಯುವಕ ಮಾತ್ರ ತನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದ.

"ನನಗಾ ಹೇಳಿದ್ದು?"

"ಇನ್ಯಾರಿಗೆ? ಇಲ್ಲಿ ಕೈ ಮುರ್ಕೊಂಡಿರೋರು ನೀವೊಬ್ರೇ ತಾನೆ!"

ಹೇಳಿದ ಮೇಲೆ ಆ ಹುಡುಗಿಯ ಕಿವಿ ಬಿಸಿಯಾಯಿತು. 'ಅಯ್ಯೋ... ಏನಂದುಬಿಟ್ಟೆ ನಾನು!'

ಪಾಪ, ಅವಳದೂ ತಪ್ಪಲ್ಲ ಬಿಡಿ. ಬಿಸಿನೆಸ್ ಓದುತ್ತಿರುವ ಹುಡುಗಿ, ಬಿಸಿನೆಸ್ ಪ್ಲಾನ್ ಸ್ಪರ್ಧೆಗೆ ಹೆಸರು ಕೊಡಲು ಬಂದಿದ್ದಳು. ಚೀಲದಲ್ಲಿ ಅಮ್ಮ ಹೊಲಿದ ಅಂಗಿ. ಗುಂಡಿಯ ಜಾಗದಲ್ಲಿ ಅಯಸ್ಕಾಂತ, ತೋಳಿನ ಬದಿಗೆ ಅಂಟುವ ಪಟ್ಟಿ. ಒಂದೇ ಕೈಯಲ್ಲಿ ತೊಡುವಂಥದ್ದು. ತೊಟ್ಟು ನೋಡಲು ಒಂದು ಕೈ ಆಡದವರು ಬೇಕಿತ್ತು. ಎಂಟು ಮಂದಿ ಸಿಕ್ಕಿದ್ದರು. ಒಂಬತ್ತನೆಯವನು ಕಣ್ಣೆದುರೇ ನಿಂತಿದ್ದರೆ ಬಾಯಿ ಸುಮ್ಮನಿರುತ್ತದೆಯೇ?

ವಿಷಯ ಕೇಳಿ ಅವನು ನಕ್ಕ. ಅಲ್ಲೇ ತನ್ನ ಅಂಗಿ ಕಳಚಿ, ಒಳಗಿದ್ದ ಟೀ ಶರ್ಟಿನ ಮೇಲೆ ಅವಳು ಕೊಟ್ಟ ಅಂಗಿ ತೊಟ್ಟ. ಅವಳು ಮೊಬೈಲಿನಲ್ಲಿ ಸಮಯ ಹಿಡಿದಳು.

"ಅರವತ್ತೆರಡು ಸೆಕೆಂಡ್!"

"ಕೈ ಮುರಿದ್ಮೇಲೆ ಮೊದಲ್ನೇ ಸಲ ಅಕ್ಕನ್ನ ಕರೀದೆ ಅಂಗಿ ಹಾಕ್ಕೊಂಡೆ ಕಣ್ರೀ..." ಅವನ ದನಿ ಮೆತ್ತಗಾಗಿತ್ತು.

"ಹೇಗೆ ಮುರೀತು?"

"ಏಣಿಯಿಂದ ಬಿದ್ದೆ."

"ಇಲ್ಲಿಗ್ಯಾಕೆ ಬಂದ್ರಿ?"

"ನಾನೂ ಸ್ಪರ್ಧೆಗೇ. ನನ್ನ ಪ್ಲಾನು... ಏಣಿ ಬಾಡಿಗೆ ಕೊಡೋದು."

ಅವಳು ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಅವತ್ತಿನಿಂದ ಅವನು ಅವಳಿಗೆ 'ಏಣಿ' ಆದ. ಅವಳು ಅವನಿಗೆ 'ಸೆಕೆಂಡ್ ಮೇಡಂ'.

ದಿನಾ ಬೆಳಗ್ಗೆ ಅವನು ಮನೆಯಲ್ಲಿ ಅಂಗಿ ತೊಡಬೇಕು, ಎಷ್ಟು ಸೆಕೆಂಡ್ ಹಿಡಿಯಿತೆಂದು ಅವಳು ಕೊಟ್ಟ ಹಾಳೆಯಲ್ಲಿ ಬರೆಯಬೇಕು, ಕ್ಯಾಂಟೀನಿನ ಮೂಲೆಯ ಬೆಂಚಿಗೆ ತಂದುಕೊಡಬೇಕು. ಇಷ್ಟೇ ಒಪ್ಪಂದ. ಆದರೆ ಒಂದು ಹಾಳೆ ಕೊಡಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು, ನೋಡಿ!

"ಈ ಬಹುಮಾನ ನಿಮಗೆ ಯಾಕಿಷ್ಟು ಬೇಕು?" ಒಂದು ದಿನ ಅವನು ಕೇಳಿದ.

"ಗೆದ್ದೋರಿಗೆ ಒಂದು ವರ್ಷ ಕೋಣೆ, ಆರು ಹೊಲಿಗೆ ಮಷೀನ್ ಕೊಡ್ತಾರೆ. ಅಮ್ಮ ಬಟ್ಟೆ ಅಂಗಡೀಲಿ ನಿಂತ್ಕೊಂಡೇ ಆಲ್ಟರೇಷನ್ ಮಾಡ್ತಾರೆ, ಬೆಳಗ್ಗಿಂದ ಸಂಜೆವರೆಗೆ. ಕೋಣೆ ಸಿಕ್ಕಿದ್ರೆ ಅಪ್ಪನ್ನ ಪಕ್ಕದಲ್ಲೇ ಕೂರಿಸ್ಕೊಂಡು ಹೊಲೀಬಹುದು."

ಅಪ್ಪನ ಬಗ್ಗೆ ಅವಳು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಪ್ಲಾನಿನ ಮೊದಲ ಪ್ರತಿಯಲ್ಲಿ ಬರೆದಿದ್ದಳು, ಮೂರು ಪುಟ. "ಕಣ್ಣೀರು ಮಾರಬೇಡಮ್ಮ, ಅಂಕಿ ಮಾರು," ಎಂದು ಕಾಲೇಜಿನ ಮೇಷ್ಟ್ರು ತೆಗೆಸಿದ್ದರು. ಅಷ್ಟರಲ್ಲಿ ಇಪ್ಪತ್ತು ಪ್ರತಿ ತೆಗೆಸಿಯಾಗಿತ್ತು; ಕಾಗದ ಯಾಕೆ ದಂಡ ಮಾಡುವುದೆಂದು ಆ ಹಳೆಯ ಪುಟಗಳ ಬೆನ್ನಿಗೇ ಅವಳು ಸಮಯ ಬರೆಯುವ ಹಾಳೆಗಳನ್ನು ಅಚ್ಚು ಹಾಕಿಸಿದ್ದಳು.

ಮೊದಲ ಸುತ್ತಿನಲ್ಲೇ ಏಣಿ ಬಿದ್ದಿತು.

"ಏಣಿ ಯಾರೂ ಬಾಡಿಗೆಗೆ ತಗೊಳ್ಳಲ್ವಂತೆ. ಪಕ್ಕದ ಮನೇಲಿ ಬಿಟ್ಟಿ ಸಿಗುತ್ತಂತೆ!" ಎಂದು ನಗುತ್ತಲೇ ಬಂದು ಹಾಳೆ ಕೊಟ್ಟ. ಸೋತವನು ನಾಳೆಯಿಂದ ಬರಲಿಕ್ಕಿಲ್ಲ ಎಂದು ಅವಳ ಎದೆ ಧಸಕ್ಕೆಂದಿತ್ತು. ಮರುದಿನವೂ ಬಂದ. ಅದರ ಮರುದಿನವೂ.

ಹದಿನಾರನೆಯ ದಿನ ಪ್ಲಾಸ್ಟರ್ ಹೋಗಿ, ಕೈ ಬರೀ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು. ಇನ್ನೂ ನೋವಿರಬೇಕು ಎಂದುಕೊಂಡಳು. ಅವತ್ತಿನಿಂದ ಸೆಕೆಂಡುಗಳು ಸರಸರನೆ ಇಳಿದವು. ಐವತ್ತೈದಿದ್ದದ್ದು ಇಪ್ಪತ್ತೈದು!

"ಅಮ್ಮಾ, ನೀನು ಅಯಸ್ಕಾಂತ ಬದಲಾಯಿಸಿದ್ದು ಕೆಲಸ ಮಾಡ್ತು!" ಎಂದು ಮನೆಯಲ್ಲಿ ಕುಣಿದಾಡಿದಳು. ಹೊಸ ಅಯಸ್ಕಾಂತದ ಅಂಗಿಗೆ ಉಳಿದ ಎಂಟು ಮಂದಿ ಒಂದೊಂದೇ ಹಾಳೆ ಕೊಟ್ಟಿದ್ದರು, ಏಣಿಯದು ಮಾತ್ರ ದಿನಕ್ಕೊಂದು; ಎಲ್ಲ ಹಾಳೆ ಕೂಡಿಸಿದಾಗ ಸರಾಸರಿ ನಲವತ್ತೊಂದು ಸೆಕೆಂಡಿಗೆ ಬಂದು ನಿಂತಿತು. ಫೈನಲ್ಸಿನ ಮೊದಲ ಸ್ಲೈಡಿನಲ್ಲಿ ದೊಡ್ಡದಾಗಿ ಹಾಕಿದಳು.

ಫೈನಲ್ಸಿನ ಬೆಳಗ್ಗೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಅಂಗಿ ತೊಡಿಸಿದ್ದ ಬೊಂಬೆ ವಾಲಿತು. ಅವಳು "ಅಯ್ಯಯ್ಯೋ!" ಎನ್ನುವಷ್ಟರಲ್ಲಿ, ಶುಭ ಹಾರೈಸಲು ಬಂದಿದ್ದ ಏಣಿ ಹಾರಿ ಹಿಡಿದ. ಎರಡೂ ಕೈಯಲ್ಲಿ! ಖಾಲಿ ಜೋಳಿಗೆ ಕೊರಳಲ್ಲಿ ಜೋತಾಡುತ್ತಿತ್ತು.

"ನಿಮ್ಮ ಕೈ... ಸರಿಯಾಗಿದೆ!"

"ಹೂಂ, ಆಗಲೇ ಹನ್ನೆರಡು ದಿನ ಆಯ್ತಲ್ಲ..."

ಹನ್ನೆರಡು ದಿನ. ಹನ್ನೆರಡು ಹಾಳೆ. ಆ ಇಪ್ಪತ್ತೈದು ಸೆಕೆಂಡುಗಳೆಲ್ಲ ಎರಡು ಕೈಯವು!

"ಎರಡು ಕೈಯಲ್ಲಿ ಹಾಕ್ಕೊಂಡು ನನಗೆ ಹಾಳೆ ತಂದುಕೊಟ್ರಾ? ನೀವು ಸೋತ್ರಿ ಅಂತ ನನ್ನನ್ನೂ ಸೋಲಿಸ್ಬೇಕಿತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ಏನ್ ಹೇಳ್ತಿದೀರಿ? ನಾನು ಹಿಂದೆ ಬರ್ದಿದ್ದೆ... ನೀವು ಓದಿದೀರಿ ಅಂತ..."

"ಸಾಕು! ಇನ್ನೊಂದು ಮಾತೂ ಬೇಡ. ಹೋಗಿ ಇಲ್ಲಿಂದ!"

ಅವನು ಬೊಂಬೆಯನ್ನು ನೆಟ್ಟಗೆ ನಿಲ್ಲಿಸಿ ಹೊರಟುಹೋದ.

ಅವಳ ಹೆಸರು ಕೂಗಿದರು. ವೇದಿಕೆ ಹತ್ತಿದಳು. 'ಸುಮ್ಮನೆ ನಲವತ್ತೊಂದು ಅಂದ್ರಾಯ್ತು. ಯಾರಿಗೆ ಗೊತ್ತಾಗುತ್ತೆ?' ಮೂರನೇ ಸಾಲಿನಲ್ಲಿ ಅಮ್ಮ ಅಪ್ಪ ಕೂತಿದ್ದರು. ಅಪ್ಪ ಅದೇ ಅಂಗಿ ತೊಟ್ಟು ಬಂದಿದ್ದರು.

"ಈ ಅಂಕಿ ತಪ್ಪು," ಎಂದಳು ಅವಳು ಮೈಕಿನಲ್ಲಿ. ಸಭೆ ಗುಸುಗುಟ್ಟಿತು. "ಒಬ್ಬರ ಹಾಳೆಗಳನ್ನ ಪೂರ್ತಿ ತೆಗೀತೀನಿ. ಒಂದು ನಿಮಿಷ ಕೊಡಿ." ಎಲ್ಲರೆದುರೇ ಕ್ಯಾಲ್ಕುಲೇಟರ್ ಒತ್ತಿದಳು. "ಸರಾಸರಿ ಐವತ್ತೆಂಟು ಸೆಕೆಂಡ್."

ತೀರ್ಪುಗಾರರಲ್ಲಿ ಒಬ್ಬಾಕೆ ಸಿದ್ಧ ಉಡುಪಿನ ಕಾರ್ಖಾನೆಯ ಒಡತಿ. ಕನ್ನಡಕ ಇಳಿಸಿ ಕೇಳಿದರು, "ಹದಿನೇಳು ಸೆಕೆಂಡ್ ಜಾಸ್ತಿ ಆಯ್ತಲ್ಲಮ್ಮ. ಇನ್ನು ಯಾಕೆ ಕೊಳ್ಳಬೇಕು?"

ಮೇಷ್ಟ್ರು ತೆಗೆಸಿದ್ದ ಪುಟಗಳು ತಾವಾಗಿಯೇ ಬಾಯಿಗೆ ಬಂದವು.

"ನಮ್ಮಪ್ಪ ಬಸ್ ಓಡಿಸ್ತಿದ್ರು. ಪಾರ್ಶ್ವವಾಯು ಬಡಿದು ಬಲಗೈ ಹೋಯ್ತು. ನೀರು ಕುಡಿಯುವಾಗ ಅಂಗಿ ಒದ್ದೆ ಆದ್ರೆ, ಅಮ್ಮ ಕೆಲಸದಿಂದ ಬರೋವರೆಗೂ ಒದ್ದೆ ಅಂಗೀಲೇ ಕೂತಿರ್ತಿದ್ರು. ಕೆಲವು ಸಲ ಆರು ಗಂಟೆ. ಈಗ ಒಂದು ನಿಮಿಷ ಹಿಡಿಯುತ್ತೆ ಮೇಡಂ. ಆದ್ರೆ ಯಾರಿಗೂ ಕಾಯ್ಬೇಕಾಗಿಲ್ಲ."

ಅಪ್ಪ ಎಡಗೈಯಿಂದ ಕಣ್ಣು ಒರೆಸಿಕೊಂಡರು.

ಮೊದಲ ಬಹುಮಾನ ಬರಲಿಲ್ಲ. ಎರಡನೆಯದೂ ಇಲ್ಲ. ಆದರೆ ಮೆಟ್ಟಿಲಿಳಿಯುವಾಗ ಆ ಒಡತಿ ಹಿಂದಿನಿಂದ ಕೂಗಿದರು.

"ನನ್ನ ಅಂಕಿ ತಪ್ಪು ಅಂತ ತಾವೇ ಹೇಳೋರನ್ನ ನಾನು ಈ ಸ್ಪರ್ಧೇಲಿ ಇವತ್ತೇ ನೋಡಿದ್ದು. ಎರಡು ಮಷೀನ್ ನಿಮ್ಮ ಮನೆಗೆ ಕಳಿಸ್ತೀನಿ. ಅಮ್ಮನಿಗೆ ಹೇಳು, ಮೊದಲು ಐವತ್ತು ಅಂಗಿ ಹೊಲಿದುಕೊಡಲಿ."

ಕೇಳಿದ್ದೇ ತಡ, ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. "ಇನ್ನು ಹಗಲೂ ಮನೇಲಿ ಇರ್ತೀಯ?" ಎಂದು ಅಪ್ಪ ಮತ್ತೆ ಮತ್ತೆ ಕೇಳಿದರು.

ಇಷ್ಟೆಲ್ಲ ಒಳ್ಳೆಯದಾದರೂ ಅವಳ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಮರುದಿನ ಏಣಿಯ ಹಾಳೆಗಳನ್ನು ಹರಿದು ಎಸೆಯಲೆಂದೇ ಕೈಗೆತ್ತಿಕೊಂಡಳು. ಹರಿಯುವ ಮುನ್ನ, ಒಂದು ಹಾಳೆಯ ಕೊನೆಯ ಸಾಲು ಕಣ್ಣಿಗೆ ಬಿತ್ತು.

'ಅಭಿಪ್ರಾಯವಿದ್ದರೆ ಹಿಂಬದಿಯಲ್ಲಿ ಬರೆಯಿರಿ.'

ಅವಳೇ ಹಾಕಿಸಿದ ಸಾಲು! ಹಿಂದೆ ತನ್ನ ಹಳೆಯ ಪುಟಗಳಿವೆ ಎಂದು ಅವಳು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಈಗ ತಿರುಗಿಸಿದಳು. ಅಂಚಿನ ಖಾಲಿ ಜಾಗದಲ್ಲಿ, ಎಡಗೈಯ ಸೊಟ್ಟ ಅಕ್ಷರ.

'ನಿಮ್ಮ ಅಪ್ಪನ ಪುಟ ಓದಿದೆ. ಇದನ್ನ ಯಾಕೆ ತೆಗೆದ್ರಿ? ಇದೇ ನಿಮ್ಮ ಪ್ಲಾನು.'

ಹದಿನಾರನೆಯ ಹಾಳೆಯಿಂದ ಅಕ್ಷರ ದುಂಡಗಾಗಿತ್ತು. ಬಲಗೈಯದು.

'ಇವತ್ತು ಪ್ಲಾಸ್ಟರ್ ತೆಗೆದ್ರು. ಹೊರಗೆ ಹೋಗುವಾಗ ಮಾತ್ರ ಜೋಳಿಗೆ ಹಾಕ್ಕೋ ಅಂದ್ರು ಡಾಕ್ಟರು. ಅಂಗಿ ಎರಡೂ ಕೈಲಿ ಹಾಕ್ಕೊಂಡೆ, ಈ ಸಮಯ ಲೆಕ್ಕಕ್ಕೆ ಬೇಡ. ಆದ್ರೂ ದಿನಾ ಹಾಳೆ ತರ್ತೀನಿ. ಬೇಡ ಅಂದ್ರೆ ಹೇಳಿ.'

ಮರುದಿನದ್ದು: 'ನೀವು ಬೇಡ ಅನ್ನಲಿಲ್ಲ!'

ಕೊನೆಯದು: 'ಕೈ ಸರಿಹೋಗಿದೆ ಅಂತ ಗೊತ್ತಿದ್ದೂ ದಿನಾ ಬೆಂಚಿನ ಹತ್ರ ಕಾಯ್ತೀರಲ್ಲ... ನಾಳೆ ಫೈನಲ್ಸ್ ಮುಗೀಲಿ, ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳ್ತೀನಿ.'

ಅಯ್ಯೋ! ಇಂಥವನನ್ನೇ 'ಹೋಗಿ ಇಲ್ಲಿಂದ' ಎಂದು ಅಟ್ಟಿದ್ದಳಲ್ಲ! ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದು, ಹೊಸ ಹಾಳೆಯೊಂದನ್ನು ಹಿಡಿದು ಹೊರಟೇಬಿಟ್ಟಳು.

ಅವನ ಅಕ್ಕನ ಮರಗೆಲಸದ ಶೆಡ್ಡಿನಲ್ಲಿ ಅವನು ಏಣಿಗೆ ಮರಳುಕಾಗದ ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನಾನು ಹಿಂಬದಿ ನೋಡೇ ಇರ್ಲಿಲ್ಲ," ಎಂದಳು. "ನಿನ್ನೆ ನಾನು ಆಡಿದ ಮಾತು... ಕ್ಷಮಿಸ್ತೀರಾ?"

"ನನ್ನದೂ ತಪ್ಪೇ. ಎದುರಿಗೇ ಕೂತಿದ್ದೆ, ಬಾಯಲ್ಲಿ ಹೇಳಬಹುದಿತ್ತು. ಬರೆಯೋಕೆ ಧೈರ್ಯ ಬಂತು, ಹೇಳೋಕೆ ಬರ್ಲಿಲ್ಲ."

ಅವಳು ಹಾಳೆ ಚಾಚಿದಳು. ಮುಂಬದಿ ಪೂರ್ತಿ ಖಾಲಿ.

"ಏನೂ ಇಲ್ವಲ್ರೀ?"

"ಈ ಸಲ ನೀವು ತಿರುಗಿಸಿ ನೋಡಿ, ಏಣಿ."

ತಿರುಗಿಸಿದ. 'ಎರಡು ಕೈ ಸರಿಯಿದ್ದವರೂ ಬರಬಹುದು. ದಿನಾ. ಜೀವನಪೂರ್ತಿ.'

ಅವನು ಓದುತ್ತಲೇ ನಿಂತ. ಒಂದೇ ಸಾಲು, ಮುಗಿಯುತ್ತಲೇ ಇಲ್ಲ!

"ಏನ್ರೀ, ಇಷ್ಟು ಓದೋಕೆ ಎಷ್ಟು ಹೊತ್ತು ಬೇಕು?"

"ಸೆಕೆಂಡ್ ಮೇಡಂ... ಸಮಯ ಹಿಡಿದಿದೀರಾ?"

"ಇಲ್ಲ. ಇವತ್ತು ಹಿಡಿದಿಲ್ಲ."

ಅವನು ಬಲಗೈಯ ಧೂಳನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.