ಏಳನೇ ಮನೆಯ ಕುಜ

2009ರ ನವೆಂಬರ್ 17, ಮಂಗಳವಾರ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕೊಪ್ಪ ಠಾಣೆಯ ಮೆಟ್ಟಿಲು ಹತ್ತಿದ ಶೇಷಮ್ಮನ ಕೈಯಲ್ಲಿ ಎರಡು ಜಾತಕಗಳಿದ್ದವು. ಒಂದು ಮಾಸಿದ ಕೈಬರಹ, ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದ ಬಣ್ಣದ ಪ್ರಿಂಟು. ಎರಡೂ ಅವಳ ಮಗಳು ಜ್ಯೋತ್ಸ್ನಾಳವೇ. ಆ ಹುಡುಗಿಯ ಶವವನ್ನು ಊರ ಕೆರೆಯಿಂದ ಎತ್ತಿಸಿ, ಪಂಚನಾಮೆ ಮಾಡಿ, ಅಸ್ವಾಭಾವಿಕ ಸಾವು ಎಂದು ಬರೆದುಕೊಂಡವನು ಇನ್ಸ್‌ಪೆಕ್ಟರ್ ಸೀತಾರಾಮನೇ. ಇನ್ನೂ ಎರಡು ವಾರ ಕಳೆದಿರಲಿಲ್ಲ.

"ಇದ್ರಲ್ಲಿ ಕುಜ ಮೂರನೇ ಮನೇಲಿದಾನೆ, ದೋಷ ಇಲ್ಲ. ಈ ಪ್ರಿಂಟ್‌ನಲ್ಲಿ ಏಳನೇ ಮನೇಲಿದಾನೆ. ಕಿಗ್ಗದ ಗಂಡಿನ ಕಡೆಯವ್ರು ಇದನ್ನ ನೋಡಿ ಸಂಬಂಧ ಬಿಟ್ರು. ಬಿಟ್ಟಿದ್ದಲ್ದೆ ಜೆರಾಕ್ಸ್ ಮಾಡ್ಸಿ ಹಂಚಿದ್ರು. ಆಮೇಲೆ ಬಂದೋರೆಲ್ಲ ಬಾಗ್ಲಿಂದ್ಲೇ ವಾಪಸ್."

"ದೂರು ಯಾರ ಮೇಲಮ್ಮ?"

"ಯಾರು ಅಂತ ಗೊತ್ತಿದ್ರೆ ನಾನೇ ಹೋಗಿ ಕೇಳ್ತಿರ್ಲಿಲ್ವಾ ಸಾರ್? ಅವಳ ಗ್ರಹಚಾರವೇ ಹಂಗಿತ್ತಾ, ಇಲ್ಲಾ ಯಾರಾದ್ರೂ ಮಾಡಿದ್ದಾ, ಅದೊಂದು ಹೇಳಿ. ಆ ಪ್ರಿಂಟ್ ನಂಬ್ಕಂಡು ನಾನು ಅವಳಿಗೊಂದು ಮಾತು ಅಂದಿದೀನಿ. ಬೆಳಗಾಗೋದ್ರೊಳಗೆ ಅವಳು ಕೆರೆಗೆ ಹೋದ್ಲು. ಆ ಮಾತು ನಿಜವೋ ಸುಳ್ಳೋ ನಂಗೆ ಗೊತ್ತಾಗ್ಬೇಕು."

"ಎಂತ ಅಂದ್ರಿ?"

ಶೇಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೀತಾರಾಮ ಮತ್ತೆ ಕೇಳಲಿಲ್ಲ. ದೂರಿನಲ್ಲಿ ಆ ಸಾಲು ಬರಲೂ ಇಲ್ಲ.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ರೇಣುಕಪ್ಪ ಸುಮ್ಮನೆ ಕೂರುವ ಜಾತಿಯವನಲ್ಲ. ಡಿವೈಎಸ್ಪಿ ಸಾಹೇಬರ ಕೆಮ್ಮಿನಿಂದ ಹಿಡಿದು ಶೃಂಗೇರಿ ಬಸ್ಸಿನ ಕಂಡಕ್ಟರನ ಸೀಟಿಯವರೆಗೆ ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ಈಗ ಅವನು ರೇಡಿಯೋ ವಾರ್ತೆಯವನಾದ. "ಆರೋಪಿ ಕುಜ ತಲೆಮರೆಸಿಕೊಂಡಿದ್ದಾನೆ. ಇವತ್ತು ಅವನದೇ ಮಂಗಳವಾರ. ವಾರಂಟ್ ಬೇಕಿಲ್ಲ ಸಾರ್, ವಾರವೇ ಸಾಕು."

"ಕೆರೆಯಿಂದ ಎತ್ತುವಾಗ ಕಾಲು ಹಿಡಿದಿದ್ದು ನೀನೇ ಅಲ್ದನ?" ಎಂದ ಸೀತಾರಾಮ. ವಾರ್ತೆ ಅಲ್ಲಿಗೆ ಮುಗಿಯಿತು.

ಪ್ರಿಂಟು ತೆಗೆದುಕೊಟ್ಟಿದ್ದು ಕೊಪ್ಪದ ವಿಘ್ನೇಶ್ವರ ಜೋಯಿಸರು. ಕೈಬರಹವನ್ನು ಕಂಡೊಡನೆ ಅವರ ಮುಖ ಸಣ್ಣದಾಯಿತು.

"ಇದು ನಮ್ಮ ಅಪ್ಪಯ್ಯ ಬರೆದಿದ್ದು."

"ಎರಡಕ್ಕೂ ತಾಳೆ ಇಲ್ಲ ಅಂತ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು. ಯಂತ್ರ ತಪ್ಪು ಲೆಕ್ಕ ಹಾಕ್ತದಾ ಮಾರಾಯ್ರೆ, ಅಪ್ಪಯ್ಯನೇ ಎಲ್ಲೋ ಜಾರಿರಬೇಕು ಅಂದ್ಕೊಂಡೆ."

"ನೀವೇ ಒಮ್ಮೆ ಗುಣಿಸಿ ನೋಡಬಹುದಿತ್ತು."

"ಕಂಪ್ಯೂಟರ್ ಬಂದ್ಮೇಲೆ ಪಂಚಾಂಗ ಹಿಡಿದು ಕೂತಿದ್ದೇ ಇಲ್ಲ."

ತಂತ್ರಾಂಶ ಹಳೆಯದೇ. ಆದರೆ ಸೆಪ್ಟೆಂಬರಿನಲ್ಲಿ ಅಂಚೆಯಲ್ಲೊಂದು ಸಿಡಿ ಬಂದಿತ್ತು, 'ಉಚಿತ ಹೊಸ ಆವೃತ್ತಿ' ಎಂಬ ಚೀಟಿ ಅಂಟಿಸಿಕೊಂಡು. ಒಳಗೆ 'ಸೆಟಪ್' ಎಂಬ ಒಂದೇ ಫೈಲು. "ಒತ್ತಿದೆ. ನೆಕ್ಸ್ಟ್ ಅಂತು, ನೆಕ್ಸ್ಟ್ ಅಂದೆ. ಫಿನಿಷ್ ಅಂತು, ಫಿನಿಷ್ ಅಂದೆ" ಎಂದರು ಜೋಯಿಸರು.

ತಂತ್ರಾಂಶ ತಯಾರಿಸಿದ ಮೈಸೂರಿನ ಕಂಪನಿಗೆ ಅಲ್ಲಿಂದಲೇ ಫೋನು ಹೋಯಿತು. ಈ ವರ್ಷ ತಾವು ಯಾರಿಗೂ ಯಾವ ಸಿಡಿಯನ್ನೂ ಕಳಿಸಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಕಂಪ್ಯೂಟರು, ಹೊಸ ಸಿಡಿ, ಹಳೆಯ ಸಿಡಿ ಮೂರನ್ನೂ ಪಂಚರ ಮುಂದೆ ಜಪ್ತಿ ಮಾಡಿ, ಸಂಜೆಗೆ ಎಫ್‌ಐಆರ್ ದಾಖಲಾಯಿತು. ಹೊಸ ಸಿಡಿಯ ನಕಲು ತೆಗೆದು, ಮೂಲವನ್ನು ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಕೈಕಟ್ಟಿ ಕೂರಲು ಸೀತಾರಾಮನಿಗೆ ಮನಸ್ಸಾಗಲಿಲ್ಲ.

ಮರುದಿನ ನಕಲು ಹಿಡಿದು ನರಸಿಂಹರಾಜಪುರಕ್ಕೆ ಹೊರಟರು. ಜ್ಯೋತ್ಸ್ನಾ ಅಲ್ಲಿನ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿದ್ದ ಅವಳ ಗೆಳತಿಯ ಹೇಳಿಕೆಯೂ ಆಗುತ್ತದೆ, ಫೈಲಿನ ಪರೀಕ್ಷೆಯೂ ಆಗುತ್ತದೆ ಎಂಬ ಲೆಕ್ಕ. ಗೆಳತಿಯ ಹೆಸರು ನಿಶ್ಚಿತಾ. ಮೂವತ್ತು ದಾಟಿರಬಹುದು. ಇಬ್ಬರೂ ಸೇರಿ ಕಟ್ಟಿದ ಕೇಂದ್ರ ಅದು. ಪಕ್ಕದ ಖಾಲಿ ಕುರ್ಚಿಯ ಬೆನ್ನಿಗೆ ಜ್ಯೋತ್ಸ್ನಾಳ ಸ್ವೆಟರು ಇನ್ನೂ ನೇತಾಡುತ್ತಿತ್ತು.

ನಿಶ್ಚಿತಾ ಸಿಡಿ ಹಾಕಿ, ಆಂಟಿವೈರಸ್ ಓಡಿಸಿದಳು. ಇನ್ನೊಂದು ಆಂಟಿವೈರಸ್‌ನಲ್ಲೂ ನೋಡಿದಳು. "ಕ್ಲೀನ್ ಇದೆ ಸಾರ್. ಇದು ವೈರಸ್ ಅಲ್ಲ."

"ಖಂಡಿತನಾ?"

"ವೈರಸ್ ಆದ್ರೆ ಕದೀಬೇಕು, ಕೆಡಿಸ್ಬೇಕು, ಹರಡ್ಬೇಕು. ಇದು ಎಂತದೂ ಮಾಡ್ತಿಲ್ಲ. ಬರೀ ಜಾತಕ ಹಾಕ್ತದೆ."

"ಜ್ಯೋತ್ಸ್ನಾ ಮದುವೆ ಆದ್ಮೇಲೂ ಇಲ್ಲಿಗೆ ಬರೋಳಿದ್ಲಾ?"

"ಕಿಗ್ಗದಿಂದ ದಿನಾ ಬರಕ್ಕಾಗ್ತದಾ ಸಾರ್?" ಎಂದಳು ನಿಶ್ಚಿತಾ, ಪರದೆಯಿಂದ ಕಣ್ಣು ಕೀಳದೆ.

ವಾಪಸು ಬರುವಾಗ ರೇಣುಕಪ್ಪ ಅವಳದೇ ದನಿಯಲ್ಲಿ, "ಕ್ಲೀನ್ ಇದೆ ಸಾರ್" ಎಂದ. ಸೀತಾರಾಮ ಕೇಳಿದ.

"ನಮ್ಮ ಠಾಣೇಲಿ ರೌಡಿಗಳ ಪಟ್ಟಿ ಇದೆ. ಅದ್ರಲ್ಲಿ ಹೆಸ್ರಿಲ್ಲ ಅಂದ್ರೆ ಅವ್ನು ಸಾಚಾನ?"

"ಪಟ್ಟಿಗೆ ಸೇರೋ ಮುಂಚೆ ಎಲ್ರೂ ಸಾಚಾನೇ ಸಾರ್."

"ಆಂಟಿವೈರಸ್ಸೂ ಅಷ್ಟೇ. ಹಳೇ ಕಳ್ಳರ ಮುಖ ಮಾತ್ರ ಅದಕ್ಕೆ ಗೊತ್ತು. ಇದನ್ನ ನಾವೇ ವಿಚಾರಣೆ ಮಾಡಣ."

ಠಾಣೆಯಲ್ಲಿ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟರು. ಒಂದಕ್ಕೆ ಹಳೆಯ ಸಿಡಿ, ಇನ್ನೊಂದಕ್ಕೆ ಹೊಸದರ ನಕಲು. ಜ್ಯೋತ್ಸ್ನಾಳ ಹೆಸರು, ಹುಟ್ಟಿದ ದಿನ, ಹೊತ್ತು, ಊರು ಎರಡಕ್ಕೂ ಕೊಟ್ಟರು. ಹಳೆಯದು ಕುಜನನ್ನು ಮೂರನೇ ಮನೆಯಲ್ಲಿ ಕೂರಿಸಿತು, ಹೊಸದು ಏಳನೆಯದರಲ್ಲಿ. ಹೆಸರು ಬದಲಿಸಿ ಅದೇ ದಿನ, ಅದೇ ಹೊತ್ತು ಕೊಟ್ಟಾಗ ಹೊಸದರಲ್ಲೂ ಕುಜ ಮೂರಕ್ಕೆ ಬಂದ. ರೇಣುಕಪ್ಪನ ಜಾತಕ ಎರಡರಲ್ಲೂ ಒಂದೇ. ಅಂದರೆ ಈ ಫೈಲು ಊರಿಗೆಲ್ಲ ಸುಳ್ಳು ಹೇಳುತ್ತಿರಲಿಲ್ಲ, ಒಬ್ಬಳಿಗಾಗಿ ಕಾದು ಕುಳಿತಿತ್ತು.

"ಒಬ್ಬಳಿಗೇನಾ?" ಎಂದ ಸೀತಾರಾಮ.

ಜೋಯಿಸರ ಕಂಪ್ಯೂಟರಿನಲ್ಲಿ ಉಳಿದಿದ್ದ ಜಾತಕಗಳನ್ನೆಲ್ಲ ಒಂದೊಂದಾಗಿ ಎರಡಕ್ಕೂ ಹಾಕುತ್ತಾ ಹೋದರು. ಮಹಿಳಾ ಪೇದೆ ನೀಲಾಂಬಿಕೆ ಹಳೆಯದರ ಮುಂದೆ, ರೇಣುಕಪ್ಪ ಹೊಸದರ ಮುಂದೆ. ಅವನು ಜೋಯಿಸರ ಮೂಗುದನಿಯಲ್ಲಿ ಕುಜನ ಮನೆ ಕೂಗುವುದು, ಅವಳು ಹೂಂ ಎನ್ನುವುದು. ಶುಕ್ರವಾರ ಮಧ್ಯಾಹ್ನ ಅವನು "ಆರು, ದೋಷವಿಲ್ಲ" ಎಂದಾಗ ಹೂಂ ಬರಲಿಲ್ಲ.

"ಇದ್ರಲ್ಲಿ ಎಂಟು, ದೋಷ ಇದೆ" ಎಂದಳು ನೀಲಾಂಬಿಕೆ.

ಸೀತಾರಾಮ ಬಗ್ಗಿ ಹೆಸರು ನೋಡಿದ. ಹೊಸ ಫೈಲು ಒಬ್ಬಳ ಮೇಲೆ ದೋಷ ಹೊರಿಸಿತ್ತು, ಇನ್ನೊಬ್ಬಳ ಮೇಲಿದ್ದ ದೋಷವನ್ನು ಇಳಿಸಿತ್ತು. ಆ ಇನ್ನೊಬ್ಬಳು ನಿಶ್ಚಿತಾ, ಊರು ನರಸಿಂಹರಾಜಪುರ. ರೇಣುಕಪ್ಪ ಮುಂದಿನದನ್ನು ತನ್ನ ಸ್ವಂತ ದನಿಯಲ್ಲಿ ಕೇಳಿದ. "ಜೋಯಿಸರ ಕಂಪ್ಯೂಟರ್ ರಿಪೇರಿಗೆ ಬರ್ತಿದ್ದವರು ಯಾರು ಸಾರ್?"

ಜೋಯಿಸರಿಗೆ ಫೋನು ಮಾಡಿದರು. ಬರುತ್ತಿದ್ದವಳು ಅವಳೇ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನೀಲಾಂಬಿಕೆಯನ್ನು ಕರೆದುಕೊಂಡು ಕೇಂದ್ರಕ್ಕೆ ಹೋದರು. ಸೀತಾರಾಮ ಎರಡು ಪ್ರಿಂಟುಗಳನ್ನು ಮೇಜಿನ ಮೇಲಿಟ್ಟ. ಎಂಟು, ಆರು. ನಿಶ್ಚಿತಾ ಎರಡನೆಯದನ್ನೇ ನೋಡುತ್ತಾ ಕುಳಿತಳು.

"ವೈರಸ್ ಅಲ್ಲ ಅಂದಿದ್ದು ಸುಳ್ಳಲ್ಲ ಸಾರ್."

"ಎಂತಕ್ಕೆ ಮಾಡಿದ್ರಿ?"

"ಈ ಸಂಬಂಧ ಒಂದು ತಪ್ಪಿದ್ರೆ ಇನ್ನೊಂದು ವರ್ಷ ನನ್ನ ಜೊತೆ ಇರ್ತಾಳೆ ಅಂದ್ಕೊಂಡೆ. ಅವಳು ಹೋದ್ಮೇಲೆ ಇಲ್ಲಿ ಯಾರಿದಾರೆ ನಂಗೆ? ಜೆರಾಕ್ಸ್ ಮಾಡಿ ಹಂಚ್ತಾರೆ ಅಂತ ಗೊತ್ತಿರ್ಲಿಲ್ಲ."

"ನಿಮ್ಮ ಜಾತಕ ಹಂಚಿರ್ಲಿಲ್ವಾ?"

ಪ್ರಿಂಟನ್ನು ಮಗುಚಿ ಇಟ್ಟು, "ಹಂಚಿದ್ರು" ಎಂದಳು.

"ನಿಮ್ಮದನ್ನ ಬದಲಾಯಿಸದಿದ್ರೆ ಇಷ್ಟು ಬೇಗ ಸಿಕ್ತಿರ್ಲಿಲ್ಲ ನೀವು."

"ಗೊತ್ತು ಸಾರ್. ಅವಳ ಜಾತಕ ತಿದ್ದಿ ಮುಗಿದ್ಮೇಲೆ ನನ್ನದೂ ಅಲ್ಲೇ ಕಾಣ್ತಿತ್ತು. ನನ್ನ ಹೆಸರಿನ ಎದುರು ದೋಷವಿಲ್ಲ ಅಂತ ಒಂದು ಸಲ ನೋಡ್ಬೇಕು ಅನ್ನಿಸ್ತು."

ಹೊರಡುವಾಗ ಅವಳು ಕುರ್ಚಿಯ ಸ್ವೆಟರನ್ನು ಮಡಿಸಿ ಇಟ್ಟಳು. ಜೀಪಿನಲ್ಲಿ ರೇಣುಕಪ್ಪ ದಾರಿಯುದ್ದಕ್ಕೂ ಯಾರ ದನಿಯನ್ನೂ ಮಾಡಲಿಲ್ಲ.

ಮಧ್ಯಾಹ್ನ ಶೇಷಮ್ಮ ಠಾಣೆಗೆ ಬಂದಳು. ಸೀತಾರಾಮ ಬೇಕಾದಷ್ಟನ್ನೇ ಹೇಳಿದ. ಅವಳು ಆರೋಪಿಯ ಹೆಸರು ಕೇಳಿ ಬೈಯಲಿಲ್ಲ, ಅಳಲೂ ಇಲ್ಲ.

"ಅಂದ್ರೆ ನನ್ನ ಮಗಳಿಗೆ ದೋಷ ಇರ್ಲಿಲ್ಲ."

"ಇರ್ಲಿಲ್ಲಮ್ಮ."

"ಗಂಡನ್ನ ತಿನ್ನೋ ಜಾತಕ ನಿಂದು ಅಂದಿದ್ದೆ ಸಾರ್ ಅವಳಿಗೆ. ಊಟದ ತಟ್ಟೆ ಮುಂದೆ." ಅವಳು ಮೇಜಿನ ಮೇಲಿದ್ದ ಪೆನ್ನನ್ನು ಅವನ ಕಡೆಗೆ ಸರಿಸಿದಳು. "ಅದನ್ನೂ ಬರ್ಕಳಿ."

ಸೀತಾರಾಮ ಪೆನ್ನು ತೆಗೆದುಕೊಂಡ. ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.