ಗಂಟುಮುಖದ ಮೇಡಂ ನಕ್ಕಾಗ...

“ನಗ್ಬೇಡಿ ಅಂದೆ!”

“ನಾನೆಲ್ಲಿ ನಗ್ತಿದ್ದೀನಿ ಮೇಡಂ? ನನ್ನ ಮುಖ ಇರೋದೇ ಹೀಗೆ!”

ಸ್ಟೂಲಿನ ಮೇಲೆ ಕೂತಿದ್ದವನು ಎರಡೂ ಕೈಯಿಂದ ತನ್ನ ಕೆನ್ನೆಗಳನ್ನು ಕೆಳಕ್ಕೆ ಎಳೆದುಕೊಂಡ. ಕೈ ಬಿಟ್ಟದ್ದೇ ತಡ, ಅವು ಮತ್ತೆ ಮೇಲಕ್ಕೆ ಹೋಗಿ ಕೂತವು.

ಕ್ಯಾಮೆರಾದ ಹಿಂದೆ ನಿಂತಿದ್ದ ಹುಡುಗಿ ಹಲ್ಲು ಕಚ್ಚಿದಳು. ಆ ಬೀದಿಯವರೆಲ್ಲ ಅವಳಿಗಿಟ್ಟ ಹೆಸರು ‘ಗಂಟುಮುಖದ ಮೇಡಂ’. ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ ನಗದ ಮುಖದ ಫೋಟೋ ಬೇಕು ತಾನೆ? ಅದನ್ನು ತೆಗೆಯಲು ಅವಳನ್ನು ಬಿಟ್ಟರಿಲ್ಲ. ಅವಳ ಮುಖ ನೋಡಿದರೆ ಸಾಕು, ಎದುರಿನವರ ನಗು ತಾನಾಗಿಯೇ ಆರಿಹೋಗುತ್ತಿತ್ತು.

ಈ ಪುಣ್ಯಾತ್ಮನದು ಮಾತ್ರ ಆರುತ್ತಿರಲಿಲ್ಲ! ಹಿಂದಿನ ಬೀದಿಯಲ್ಲಿ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹಾಕಿಕೊಡುವವನು. ಅಂಗಿಯ ತುಂಬ ಸ್ಪಂಜಿನ ಪುಡಿ.

“ಏನಾದ್ರೂ ದುಃಖದ ವಿಷ್ಯ ನೆನೆಸ್ಕೊಳ್ಳಿ,” ಎಂದಳು.

ಅವನು ಕಣ್ಣು ಮುಚ್ಚಿದ. “ನೆನೆಸ್ಕೊಂಡೆ. ನಮ್ಮ ಸೋದರತ್ತೆ ಹಾಡೋದು.”

“ಸರಿ. ಹಾಗೇ ಇರಿ.”

“ಆದ್ರೆ ಮೇಡಂ... ಹೋದ ಸಲ ಹಾಡುವಾಗ ಅವರ ಹಲ್ಲುಸೆಟ್ಟು ಹಾರಿ ಮಾವನ ಕಾಫಿ ಲೋಟಕ್ಕೆ ಬಿತ್ತು. ಮಾವನಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ. ಸಕ್ಕರೆ ಕರಗಿಲ್ಲ ಅಂತ ಕಲಕಿದ್ರು, ಕಲಕಿದ್ರು, ಕಲಕ್ತಾನೇ ಇದ್ರು!”

ಅವಳು ತುಟಿ ಬಿಗಿಹಿಡಿದಳು. ಹಲ್ಲುನೋವನ್ನು ನೆನೆಸಿಕೊಂಡಳು. ಆಗಲಿಲ್ಲ... ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಮೊಣಕಾಲು ಸಡಿಲಿತು, ಕತ್ತು ವಾಲಿತು. ಕ್ಯಾಮೆರಾ ಸ್ಟ್ಯಾಂಡಿನ ಕಾಲು ಹಿಡಿದುಕೊಂಡೇ ಮೇಡಂ ಮೆಲ್ಲಗೆ ನೆಲಕ್ಕೆ ಜಾರಿಬಿಟ್ಟಳು!

“ಅಯ್ಯಯ್ಯೋ! ಯಾರಾದ್ರೂ ಬನ್ನಿ! ನಮ್ಮತ್ತೆ ಹಲ್ಲು ಒಂದು ಜೀವ ತಗೊಳ್ತು!”

ಅವನು ಓಡಿಬಂದು, ಫೋಟೋಗೆಂದು ಹಾಕಿಕೊಂಡಿದ್ದ ಕೋಟು ಬಿಚ್ಚಿ ಮಡಚಿ ಅವಳ ತಲೆಯಡಿ ಇಟ್ಟ. ಅವಳ ಕಣ್ಣು ಮುಚ್ಚಿದ್ದವು, ಕೈಕಾಲು ಅಲುಗುತ್ತಿರಲಿಲ್ಲ. ಆದರೆ ಕಿವಿಗೆ ಎಲ್ಲವೂ ಬೀಳುತ್ತಿತ್ತು. ಅದು ಅವನಿಗೆ ಹೇಗೆ ಗೊತ್ತಾಗಬೇಕು?

“ಏಳಿ ಮೇಡಂ... ದಯವಿಟ್ಟು ಏಳಿ. ಇಷ್ಟು ಚೆಂದದ ನಗೂನ ಈಗಷ್ಟೇ ನೋಡಿದ್ದು, ಅಷ್ಟರಲ್ಲೇ ಹೋಗ್ಬಿಡ್ತೀರಾ?”

ಅವಳ ಎದೆಯೊಳಗೆ ಏನೋ ಝುಮ್ಮೆಂದಿತು. ‘ನನ್ನ ನಗೂನ ಚೆಂದ ಅಂದ್ರು...’

ಅಷ್ಟರಲ್ಲಿ ಕೈಕಾಲಿಗೆ ಬಲ ಬಂತು. ಎದ್ದಳು, ಲಂಗದ ಧೂಳು ಕೊಡವಿಕೊಂಡಳು, ಮುಖ ಗಂಟು ಹಾಕಿಕೊಂಡಳು.

“ಕಾಲು ಜಾರ್ತು. ಗಲ್ಲ ಕೆಳಗೆ. ಕ್ಯಾಮೆರಾ ನೋಡಿ!”

ಅವನು ಹೆದರಿ ಬಿಳಿಚಿಕೊಂಡಿದ್ದ. ಆದರೂ ಫೋಟೋದಲ್ಲಿ ನಗುತ್ತಿದ್ದ.

ಈಗ ನಿಮಗೆ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಡುವುದು ನನಗೂ ಆಗದು. ಹುಡುಗಿಗೆ ನಾರ್ಕೊಲೆಪ್ಸಿ ಎಂಬ ಕಾಯಿಲೆ. ಹೊತ್ತಲ್ಲದ ಹೊತ್ತಿನಲ್ಲಿ ತಡೆಯಲಾರದ ನಿದ್ದೆ. ಅದರ ಮೇಲೆ ಇನ್ನೊಂದು ಕಾಟ, ಜೋರಾಗಿ ನಗು ಬಂದರೆ ಮೈಯ ಬಲವೆಲ್ಲ ಸ್ವಲ್ಪ ಹೊತ್ತು ಬಿಟ್ಟುಹೋಗುತ್ತದೆ. ಎಚ್ಚರ ಇರುತ್ತದೆ, ಬಲ ಇರುವುದಿಲ್ಲ. ಮಾತ್ರೆ ನುಂಗಿದರೆ ಕಡಿಮೆಯಾಗುತ್ತದೆ, ವಾಸಿಯಾಗುವುದಿಲ್ಲ. ಬದುಕಿರುವಷ್ಟು ದಿನವೂ ಜೊತೆಗಿರುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು.

ಹಾಗಾಗಿ ಅಮ್ಮ ಮನೆಯಲ್ಲಿ ನಗುವನ್ನೇ ನಿಷೇಧಿಸಿದ್ದಳು! ಟೀವಿಯಲ್ಲಿ ಹಾಸ್ಯ ಬಂದರೆ ಚಾನೆಲ್ ಬದಲು. ತಮಾಷೆ ಮಾಡುವ ಸೋದರಮಾವನಿಗೆ ಮನೆಯೊಳಗೆ ಪ್ರವೇಶವಿಲ್ಲ; ಪಾಪ, ಅವರು ಗೇಟಿನ ಬಳಿಯೇ ನಿಂತು ಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಮಗಳ ತುಟಿ ಸ್ವಲ್ಪ ಅರಳಿದರೂ ಸಾಕು, ಒಳಗಿಂದ ಅಮ್ಮ ಕೂಗುತ್ತಿದ್ದಳು: “ಹಲ್ಲುನೋವು ನೆನೆಸ್ಕೋ!”

ಅಪ್ಪ ಬಿಟ್ಟುಹೋದ ಸ್ಟುಡಿಯೋವನ್ನು ತಾಯಿ ಮಗಳೇ ನಡೆಸುತ್ತಿದ್ದರು. ಮಗಳು ಫೋಟೋ ತೆಗೆಯುವುದು, ಅಮ್ಮ ಅವನ್ನು ಕತ್ತರಿಸಿ ಲಕೋಟೆಗೆ ಹಾಕುವುದು. ಇಬ್ಬರ ಮುಖವೂ ಒಂದಕ್ಕಿಂತ ಒಂದು ಬಿಗಿ.

ಸೋಫಾದವನು ಮತ್ತೆ ಬಂದ. “ಫೋಟೋ ವಾಪಸ್ ಕಳಿಸಿದ್ರು ಮೇಡಂ. ನಗ್ತಿದ್ದೀನಂತೆ.”

ಇನ್ನೊಮ್ಮೆ ತೆಗೆದಳು. ಅದೂ ವಾಪಸ್ ಬಂತು. ಮಗದೊಮ್ಮೆ... ಅದೂ!

‘ಬೇಕಂತಲೇ ನಗ್ತಾರೆ ಕಳ್ಳರು!’ ಎಂದುಕೊಂಡಳು. ಆದರೆ ಅವನು ಬರುವ ಹೊತ್ತಿಗೆ ತಲೆ ಬಾಚಿಕೊಂಡಿರುತ್ತಿದ್ದಳಲ್ಲ, ಅದಕ್ಕೇನನ್ನೋಣ?

ಅವಳೂ ಉಪಾಯ ಕಲಿತಳು. ಅವನು ಬಾಗಿಲಲ್ಲಿ ಕಂಡ ಕೂಡಲೇ ಕುರ್ಚಿಯಲ್ಲಿ ಕೂತುಬಿಡುವುದು. ಕೂತು ನಕ್ಕರೆ ತಲೆ ಮಾತ್ರ ಮೇಜಿನ ಮೇಲೆ ವಾಲುತ್ತಿತ್ತು, ಅಷ್ಟೇ. ನಾಚಿಕೊಂಡು ಮುಖ ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡು ಅವನಿಗೋ ಇನ್ನಷ್ಟು ಹುರುಪು!

ಒಂದು ಮಧ್ಯಾಹ್ನ ಅಮ್ಮ ಬೇಗ ಬಂದಳು. ಮಗಳ ತಲೆ ಮೇಜಿನ ಮೇಲೆ. ಎದುರಿಗೆ ಸೋಫಾದವನು, ಯಾರದೋ ನಡಿಗೆ ಮಾಡಿ ತೋರಿಸುತ್ತಿದ್ದಾನೆ!

ಅಮ್ಮ ಬಾಗಿಲ ಹೊರಗೇ ನಿಂತು ಕಾದಳು. ಅವನು ಹೊರಟಾಗ ಹಿಂದೆಯೇ ಹೋಗಿ ಬೀದಿ ಮೂಲೆಯಲ್ಲಿ ಹಿಡಿದು ನಿಲ್ಲಿಸಿದಳು.

ಮರುದಿನ ಅವನು ಬಂದ. ಕೆನ್ನೆ ಕೆಳಗಿದ್ದವು.

“ನಮಸ್ಕಾರ,” ಎಂದ.

“ಏನಾಯ್ತು ನಿಮ್ಗೆ?”

“ಏನಿಲ್ಲ. ಹವಾಮಾನ ಸಾಧಾರಣವಾಗಿದೆ.”

ಹೀಗೆ ಹೇಳಿ ಚೀಲದಿಂದ ಸ್ಪಂಜು ತೆಗೆದ. ಮೇಜಿನ ಮೂಲೆಗೆ ಅಂಟಿಸಿದ. ಬಾಗಿಲ ಚೌಕಟ್ಟಿಗೆ, ಕಪಾಟಿಗೆ, ಗೋಡೆಯ ಅಂಚಿಗೂ ಅಂಟಿಸಿದ. ಕೊನೆಗೆ ಗಿರಾಕಿಗಳು ಕೂರುವ ಸ್ಟೂಲನ್ನು ಎತ್ತಿಕೊಂಡು ಹೋಗಿ, ಸ್ಪ್ರಿಂಗು ಹಾಕಿ, ಮೊಣಕಾಲೆತ್ತರದ ಮೆತ್ತೆ ಕೂರಿಸಿ ತಂದಿಟ್ಟ. ಯಾವ ಕಡೆ ಬಿದ್ದರೂ ಮೆತ್ತಗೆ ಬೀಳಲಿ ಎಂಬ ಲೆಕ್ಕಾಚಾರ.

ಅದರ ಫಲ ಏನಾಯಿತು ಅಂತೀರಿ? ಅದರ ಮೇಲೆ ಕೂತವರೆಲ್ಲ ಹೂತುಹೋದರು! ಬ್ಯಾಂಕಿನ ಮ್ಯಾನೇಜರರ ಫೋಟೋದಲ್ಲಿ ಹಣೆ ಮತ್ತು ಹುಬ್ಬು ಮಾತ್ರ. ನರ್ಸೊಬ್ಬಳು ಫ್ಲಾಶ್ ಹೊಳೆಯುವ ಮೊದಲೇ ನಿದ್ದೆಹೋದಳು. ದಪ್ಪ ಮೀಸೆಯ ಪೋಲೀಸು, “ಆಹಾ... ನಮ್ಮನೇಲೂ ಹೀಗೆ ಕೂತಿಲ್ಲಮ್ಮ,” ಎನ್ನುತ್ತ ಮಗುವಿನಂತೆ ನಕ್ಕ. ತೆಗೆದ ಫೋಟೋಗಳೆಲ್ಲ ಕಚೇರಿಗಳಿಂದ ವಾಪಸ್ ಬಂದು ಬಿದ್ದವು. ಗಂಟುಮುಖದ ಮೇಡಂ ಸಂಪಾದಿಸಿದ್ದ ಹೆಸರು ಮಣ್ಣುಪಾಲಾಯಿತು.

ಒಂದು ಸಂಜೆ ಸ್ಪಂಜಿನ ಇನ್ನೊಂದು ಸುರುಳಿ ಹಿಡಿದು ಬಂದವನನ್ನು ಅವಳು ಬಾಗಿಲಲ್ಲೇ ತಡೆದಳು.

“ಏನ್ರೀ ಇದು? ನನ್ನನ್ನ ಪಾರ್ಸೆಲ್ ಮಾಡ್ತಿದ್ದೀರಾ?”

“ಸುರಕ್ಷತೆ ಮುಖ್ಯ ಮೇಡಂ.”

“ಹಾಗಾದ್ರೆ ಗೊತ್ತಾಗಿದೆ ನಿಮ್ಗೆ!”

ಅವನು ತಲೆ ತಗ್ಗಿಸಿದ.

‘ಮುಗೀತು... ಇಲ್ಲಿವರೆಗೂ ನಾನೊಬ್ಬ ಹುಡುಗಿ. ಇನ್ನು ಬರೀ ರೋಗಿ. ಇವರಿಗೂ ಅಷ್ಟೇ, ಎಲ್ಲರ ಹಾಗೆ...’

“ಒಂದು ತಮಾಷೆ ಹೇಳಿ,” ಎಂದಳು. “ಒಂದೇ ಒಂದು.”

“ಇಲ್ಲ ಮೇಡಂ. ಆಗಲ್ಲ.”

“ಹಾಗಾದ್ರೆ ನಾಳೆಯಿಂದ ಬರ್ಬೇಡಿ! ಸಪ್ಪೆ ಮುಖ ಈ ಅಂಗಡೀಲಿ ಬೇಕಾದಷ್ಟಿದೆ!”

ಅವನು ಸುರುಳಿ ಎತ್ತಿಕೊಂಡು ಹೊರಟುಹೋದ. ಅವಳು ಬಾಗಿಲು ಹಾಕಿಕೊಂಡು ಅತ್ತಳು. ಅಳು ಬಂದರೆ ಅವಳ ಕೈಕಾಲಿಗೆ ಏನೂ ಆಗುತ್ತಿರಲಿಲ್ಲ. ಎಷ್ಟು ಬೇಕಾದರೂ ನಿಂತುಕೊಂಡೇ ಅಳಬಹುದಿತ್ತು... ಎಂಥ ಕಾಯಿಲೆ ನೋಡಿ!

ಹಲವು ದಿನ ಅವನ ಸುಳಿವಿಲ್ಲ. ಮಗಳು ಮಾತು ಬಿಟ್ಟಳು, ಊಟ ಬಿಟ್ಟಳು. ಅಮ್ಮನಿಗೆ ತಡೆಯಲಾಗಲಿಲ್ಲ. ಕತ್ತರಿ ಕೆಳಗಿಟ್ಟಳು.

“ನಾನೇ ಕಣೇ ಅವನ ಹತ್ರ ಮಾತು ತಗೊಂಡಿದ್ದು. ನಿನ್ ಕಾಯಿಲೆ ವಿಷ್ಯ ಹೇಳಿ, ಇನ್ಮೇಲೆ ನನ್ ಮಗಳನ್ನ ನಗಿಸ್ಬೇಡಪ್ಪಾ ಅಂತ ಕೈ ಮುಗಿದೆ.”

ಮಗಳು ದಿಗ್ಗನೆ ತಲೆ ಎತ್ತಿದಳು. “ಏನಮ್ಮಾ ನೀನು!”

“ನೀನು ಮೆಟ್ಟಿಲ ಮೇಲಿಂದ ಉರುಳಿದ್ದು ನೆನಪಿಲ್ವಾ? ತಲೆ ಒಡೆದು ರಕ್ತ... ನನ್ ಕೈಯಲ್ಲೇ ಹಿಡ್ಕೊಂಡಿದ್ದೆ. ನಿನಗೆ ನಗು ಬಂದ್ರೆ ನನ್ ಜೀವ ಬಾಯಿಗೆ ಬರುತ್ತೆ ಕಣೇ!”

ಅಮ್ಮನ ಕಣ್ಣಲ್ಲಿ ನೀರು. ಮಗಳ ಸಿಟ್ಟು ಅಲ್ಲೇ ಇಳಿಯಿತು. ಅಮ್ಮನ ಕೈ ಹಿಡಿದುಕೊಂಡಳು.

“ಅಮ್ಮಾ, ಕಾಯಿಲೆ ನನ್ನ ಬಿಟ್ಟು ಹೋಗಲ್ಲ. ನಾಳೆ ವಾಸಿಯಾಗುತ್ತೆ, ಆಗ ಬದುಕಿದ್ರಾಯ್ತು ಅಂತ ಕಾದೆ. ಆ ನಾಳೆ ಬರಲ್ಲ. ಇರೋದು ಇದೇ ಮೈ, ಇದೇ ದಿನ. ನಗದೇ ಇದ್ದಾಗ ಬೀಳ್ಲಿಲ್ಲ, ನಿಜ... ಆದ್ರೆ ಬದುಕ್ಲೂ ಇಲ್ಲ. ಅವರು ಬಂದ್ಮೇಲೆ ದಿನಾ ಬೆಳಿಗ್ಗೆ ಏಳೋಕೆ ಆಸೆ ಆಗ್ತಿತ್ತು ಗೊತ್ತಾ? ಕೂತ್ಕೊಂಡು ನಗ್ತೀನಮ್ಮ. ಗೋಡೆಗೆ ಒರಗಿ ನಗ್ತೀನಿ. ಬೇಕಾದ್ರೆ ಮಲಗಿ ನಗ್ತೀನಿ. ನಗೋಕೆ ಬಿಡು!”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು.

ಸೋಫಾ ಅಂಗಡಿಯಲ್ಲಿ ಅವನು ಒಂಟಿಯಾಗಿ ಕೂತು ಒಂದು ಕುರ್ಚಿಯ ಹಳೆಯ ಬಟ್ಟೆ ಕೀಳುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

ಅವಳು ಸೀದಾ ಒಳಬಂದು ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು.

“ಕೂತಿದ್ದೀನಿ. ಇನ್ನು ನಗಿಸಿ.”

“ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೀನಲ್ಲ...”

“ಗೊತ್ತು. ಅಮ್ಮನ ಹತ್ರ ಮಾತಾಡಿದ್ದೀನಿ. ನನ್ನ ಕಂಡ್ರೆ ಅಸಹ್ಯ ಆಯ್ತು ನಿಮ್ಗೆ ಅಂದ್ಕೊಂಡಿದ್ದೆ, ಗೊತ್ತಾ?”

“ಅಸಹ್ಯಾನಾ!” ಅವನ ದನಿ ಏರಿತು. “ನಿಮ್ಮನ್ನ ನೋಡಿದ್ರೆ ತಮಾಷೆ ತಾನಾಗೇ ಬಾಯಿಗೆ ಬರುತ್ತೆ. ಅದಕ್ಕೇ ಬರ್ಲಿಲ್ಲ ಮೇಡಂ. ಈಗ ತಮಾಷೆ ಮಾಡೋ ಸ್ಥಿತೀಲೂ ಇಲ್ಲ ನಾನು. ಮೊನ್ನೆ ನಿಮ್ಮನ್ನೇ ಯೋಚಿಸ್ತಾ ಸೋಫಾಗೆ ಮೊಳೆ ಹೊಡೀತಿದ್ದೆ. ಬಟ್ಟೆ ಜೊತೆ ನನ್ನ ಅಂಗೀನೂ ಸೇರಿಸಿ ಹೊಡೆದುಬಿಟ್ಟೆ.”

ಅವನ ಮುಖ ಗಂಭೀರವಾಗಿಯೇ ಇತ್ತು. ಅವಳ ತುಟಿ ನಡುಗಿತು.

“ಅಷ್ಟರಲ್ಲಿ ಗಿರಾಕಿ ಗಾಡಿ ತಂದ್ರು. ಏಳೋಕೇ ಆಗ್ಲಿಲ್ಲ. ಹೊಸ ಅಂಗಿ, ಹರಿಯೋಕೆ ಮನಸ್ಸು ಬರ್ಲಿಲ್ಲ. ಸೋಫಾ ಜೊತೆಗೇ ನನ್ನನ್ನೂ ಎತ್ತಿ ಗಾಡಿಗೆ ಹಾಕಿದ್ರು ಮೇಡಂ. ಬೀದಿ ಪೂರ್ತಿ ಹಾಗೇ ಹೋದೆ. ಅವರ ಹಾಲ್‌ನಲ್ಲಿ ಇಳಿಸಿದ್ಮೇಲೆ ಹೆಂಡತಿ ಕೇಳಿದ್ರು, ಇವ್ರು ಯಾರು ಅಂತ. ಸೋಫಾ ಜೊತೆ ಬಂದಿದ್ದು ಅಂದ್ರು ಗಂಡ!”

ಮುಗಿಯಿತು ಕತೆ! ಅವಳ ಕತ್ತು ವಾಲಿತು, ಕೈ ಜಾರಿತು, ಪಕ್ಕದ ಸ್ಪಂಜಿನ ರಾಶಿಯ ಮೇಲೆ ಒರಗಿಹೋದಳು.

“ಅಷ್ಟು ಪ್ರೀತಿ ಆಗ್ಬಿಟ್ಟಿದೆ ಮೇಡಂ ನಿಮ್ಮ ಮೇಲೆ,” ಎಂದ ಅವನು, ಅವಳ ಪಕ್ಕದಲ್ಲಿ ಮಂಡಿಯೂರಿ. “ನನ್ನನ್ನ ಮದುವೆ ಆಗ್ತೀರಾ?”

‘ಹೂಂ!’ ಎಂದು ಅವಳ ಮನಸ್ಸು ಕಿರುಚಿತು. ‘ಹೂಂ, ಹೂಂ, ಹೂಂ!’ ನಾಲಿಗೆ ಅಲುಗಲಿಲ್ಲ. ಬಿದ್ದಾಗ ಮಾತೂ ಹೊರಡದು ಎಂಬುದನ್ನು ಅಮ್ಮ ಅವನಿಗೆ ಹೇಳಿರಲಿಲ್ಲ.

ಅವನು ಕಾದ. ಬೆವರು ಒರೆಸಿಕೊಂಡ.

“ಈಗ್ಲೇ ಹೇಳ್ಬೇಕು ಅಂತಿಲ್ಲ...”

ಅಂಗಿಯ ಮೇಲಿನ ಸ್ಪಂಜಿನ ಪುಡಿ ಕೊಡವಿಕೊಂಡ.

“ಯೋಚನೆ ಮಾಡಿ ಅಂದ್ರೂ ಮಾಡ್ಬಹುದು...”

ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ, ಮತ್ತೆ ಕೆಳಗಿಟ್ಟ.

“ಬೇಡ ಅನ್ಸಿದ್ರೆ ಬೇಡ. ಏನೂ ಕೇಳ್ಲೇ ಇಲ್ಲ ಅಂದ್ಕೊಳ್ಳಿ. ಅಣ್ಣ ಅಂದ್ಕೊಂಡ್ರೂ...”

‘ಅಯ್ಯೋ ದೇವರೇ! ಇವರ ಬಾಯಿ ಮುಚ್ಚಿಸಪ್ಪಾ! ಅಣ್ಣನಂತೆ ಅಣ್ಣ!’

ಬೆರಳಿಗೆ ಬಲ ಬಂತು, ತುಟಿಗೂ ಬಂತು. “ಹೂ...” ಎಂದಳು.

ಅದೇ ಹೊತ್ತಿಗೆ ಬಾಗಿಲಿನಿಂದ ಒಂದು ವಿಚಿತ್ರ ಸದ್ದು ಕೇಳಿತು. ಅಮ್ಮ! ಸೋಫಾ ಜೊತೆ ಬಂದವನ ಕತೆಯಿಂದ ಹಿಡಿದು ಎಲ್ಲವನ್ನೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಬಾಯಿಗೆ ಸೆರಗು ತುರುಕಿಕೊಂಡಿದ್ದರೂ ನಗು ತಡೆಯಲಾಗದೆ ಚೌಕಟ್ಟು ಹಿಡಿದು ಬಗ್ಗಿಹೋಗಿದ್ದಳು.

“ಅಣ್ಣ ಅಂತೆ! ಅಯ್ಯಪ್ಪಾ... ಹೊಟ್ಟೆ ಹುಣ್ಣಾಯ್ತು ಕಣೋ!”

ಎಷ್ಟೋ ವರ್ಷಗಳ ಮೇಲೆ ಅಮ್ಮ ನಗುವುದನ್ನು ಕಂಡ ಮಗಳು, ಹೇಳಬೇಕಿದ್ದ ಮಾತನ್ನು ಹಾಗೇ ನುಂಗಿಕೊಂಡು ಮತ್ತೆ ಸ್ಪಂಜಿನ ಮೇಲೆ ಬಿದ್ದಳು!

ಸೋಫಾದವನು ಕಕ್ಕಾಬಿಕ್ಕಿಯಾಗಿ ಇಬ್ಬರನ್ನೂ ನೋಡಿದ. ಅಮ್ಮ ಬಂದು ಮಗಳ ಹಣೆ ನೇವರಿಸಿದಳು. ತಲೆಗೆ ಪೆಟ್ಟಾಗಿದೆಯೇ ಎಂದು ಕೂದಲು ಸರಿಸಿ ನೋಡಿದಳು, ನಗುತ್ತಲೂ ಇದ್ದಳು.

“ಏನೂ ಆಗಿಲ್ಲ. ಕೂತಲ್ಲೇ ಬಿದ್ದಿದ್ದಾಳೆ,” ಎಂದಳು ತನಗೆ ತಾನೇ. ಆಮೇಲೆ ಅವನಿಗೆ, “ನಿನ್ ಮಾತು ನಿನಗೇ ವಾಪಸ್ ಕೊಟ್ಟಿದ್ದೀನಪ್ಪಾ. ನಾನು ಹೊರಗಿರ್ತೀನಿ,” ಎಂದು ಕಣ್ಣೊರೆಸಿಕೊಳ್ಳುತ್ತ ನಡೆದಳು.

ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕೂತಳು. ಕೂದಲ ತುಂಬ ಸ್ಪಂಜಿನ ಚೂರು.

“ಹೂಂ!” ಎಂದಳು ಮೊದಲು, ಇನ್ನೇನಾದರೂ ಅಡ್ಡ ಬರುವ ಮುಂಚೆ. “ಆಗ್ಲೇ ಹೂಂ ಅಂದಿದ್ದೆ ಮನಸ್ಸಲ್ಲಿ. ನೀವು ಅಷ್ಟರಲ್ಲಿ ಮದುವೇನೂ ಮುರಿದು, ಅಣ್ಣಾನೂ ಆಗ್ಬಿಟ್ರಿ!”

ಅವನ ಕೆನ್ನೆ ಮೇಲಕ್ಕೆ ಹೋದವು. ಕಣ್ಣು ಮಾತ್ರ ತುಂಬಿತ್ತು. ಅವಳ ಕೂದಲಿಂದ ಒಂದೊಂದೇ ಚೂರು ತೆಗೆದ.

“ನಾನು ಹೀಗೇ ಇರ್ತೀನ್ರೀ,” ಎಂದಳು ಮೆಲ್ಲಗೆ. “ಮಾತಿನ ಮಧ್ಯ ನಿದ್ದೆ ಹೋಗ್ತೀನಿ. ನಗ್ತಾ ಬೀಳ್ತೀನಿ. ಮುದುಕಿ ಆದ್ರೂ ಇದೇ.”

“ಬಿದ್ದಾಗೆಲ್ಲ ನಾನು ಏನ್ಮಾಡ್ಲಿ? ಅದೊಂದು ಹೇಳ್ಕೊಡಿ. ಎತ್ಲಾ? ನೀರು ತರ್ಲಾ?”

“ಏನೂ ಬೇಡ. ಪಕ್ಕದಲ್ಲಿ ಕೂತ್ಕೊಳ್ಳಿ.”

“ಅಷ್ಟೇನಾ?”

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಸುಮ್ನೆ ಕೂರ್ಬೇಡಿ ಆದ್ರೆ... ಮಾತಾಡ್ತಾ ಇರಿ.”