ಹಿಂದಿನ ಸೀಟಿನ ಭಾರ

"ಆ ಉಪ್ಪಿನ ಚೀಲ ಇಳಸಬ್ಯಾಡ್ರಿ ಅಣ್ಣಾರ. ಇಳಸೂದಿದ್ರ ಸೀಟು ಇಲ್ಲೇ ಬಿಟ್ಟು ಹೋಗ್ರಿ."

ಗುಜರಿ ಅಂಗಡಿಯ ಶಿವದೇವಿ ಹೀಗೆಂದಾಗ ವಿನಾಯಕ ಚೀಲದ ಒಂದು ಕಿವಿ ಹಿಡಿದು ಎಳೆದಾಗಿತ್ತು. ಚಾದರ್‌ಘಾಟ್ ಸೇತುವೆಯ ಬದಿಗೆ, ಮೂಸಿಯ ಕೊಳೆತ ನೀರಿನ ವಾಸನೆಯೊಳಗೆ ಮುಳುಗಿದ್ದ ಅಂಗಡಿ ಅದು. ಕಳಚಿದ ಬಾಗಿಲುಗಳು, ಕಣ್ಣು ಕಿತ್ತ ದೀಪಗಳು, ತುಕ್ಕು ಹಿಡಿದ ಸ್ಪ್ರಿಂಗ್ ಪಾಟಾಗಳ ರಾಶಿ. ಅವೆಲ್ಲದರ ಹಿಂದೆ, ತಗಡಿನ ಮಾಡಿನ ಕತ್ತಲಲ್ಲಿ, ಹಳೆಯ ಕಾರಿನದೊಂದು ಹಿಂದಿನ ಸೀಟು ಇತ್ತು. ಒಣಗಿದ ರಕ್ತದ ಬಣ್ಣದ ಚರ್ಮ, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅದರ ಮೇಲೆ ಕಲ್ಲುಪ್ಪಿನ ದೊಡ್ಡ ಗೋಣಿಚೀಲ, ಯಾರೋ ಕುಳಿತ ಹಾಗೆ.

ವಿನಾಯಕ ಈ ಊರಿಗೆ ಬಂದು ವರ್ಷವೂ ತುಂಬಿರಲಿಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಲೇತ್ ವಿಭಾಗದ ಮೇಲ್ವಿಚಾರಕ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಅವನ ಅಜ್ಜ ಬಂಡಿ ಕಟ್ಟುವ ಬಡಿಗನಾಗಿದ್ದ. ಆ ಕೈ ಮೊಮ್ಮಗನಿಗೆ ಬಂದು, ಕಾಚಿಗೂಡದ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಹಳೆಯ ಮಾರಿಸ್ ಕಾರಾಗಿ ಎದ್ದು ನಿಲ್ಲುತ್ತಿತ್ತು. ಬಾಗಿಲು ಒಂದು ಕಡೆಯದು, ಬಂಪರು ಇನ್ನೊಂದು ಕಡೆಯದು. ಗೇರುಪೆಟ್ಟಿಗೆ ಅಂಬಾಸಡರಿನದು. ಅದು ಕೂರಲೆಂದು ತಳವನ್ನೇ ಕೊಯ್ದು ಬೆಸೆದಿದ್ದ. ಮಾಧಾಪುರದ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ, ಕಂಪ್ಯೂಟರ್ ಹುಡುಗರು ಮದುವೆಯ ಮೆರವಣಿಗೆಗೆ ಹಳೆಯ ಕಾರುಗಳನ್ನು ಹುಡುಕಿಕೊಂಡು ಬರುತ್ತಿದ್ದ ಕಾಲ. ಅವನಿಗೆ ಮಾತ್ರ ಕಾರು ಮಾರುವ ಮನಸ್ಸಿರಲಿಲ್ಲ. ಹೆಂಡತಿ ರಶ್ಮಿಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋಗಬೇಕು, ಅಷ್ಟೇ. ಉಳಿದದ್ದು ಹಿಂದಿನ ಸೀಟೊಂದೇ.

"ಯಾಕ್ರಿ ಅಕ್ಕಾರ? ದೆವ್ವ ಟಿಕೆಟ್ ತಗೊಂಡು ಕುಂತೈತೇನು?" ಎಂದು ನಕ್ಕ.

ಶಿವದೇವಿ ನಗಲಿಲ್ಲ. ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಸೀಟಿನ ಕಡೆ ನೋಡದೆ ಹೇಳಿದಳು. "ಯಾರೋ ದೇಶಮುಖರ ಕಾರಿಂದಂತ. ಹಿರೇ ಹೆಂಡ್ತಿ ಸವತಿಗಂತ ಮಾಟ ಮಾಡಿಸಿ ಇದರಾಗ ಇಟ್ಟು ಹೊಲಿಸಿದ್ಲಂತ. ಆ ಸವತಿ ಭಾಳ ಠೀವಿ. ಗಾಡಿ ಬಿಡಂತ ಉಂಗುರದ್ಲೆ ಗಾಜು ಬಡದು ಡ್ರೈವರ್‌ಗೆ 'ಹೊಂಡು' ಅನ್ನಾಕಿ. ಕುಂತ ದಿನದಿಂದ ಹಗುರಾಗ್ಕೋತ ಹೋದ್ಲು. ಕಡೀಕ ಎತ್ತಿದ್ರ ಒಣಗಿದ ಎಲಿ ಹಂಗ ಬಂದ್ಲಂತ. ಭಾರ ಎಲ್ಲಾ ಇದರಾಗ ಉಳೀತು. ಖಾಲಿ ಬಿಟ್ರ ಮತ್ತ ಮುತ್ತೈದಿ ಬೇಡತೈತಿ. ಅದಕ್ಕ ನಮ್ಮ ಮಾವ ಉಪ್ಪು ಹೇರಿಟ್ಟಿದ್ದ. ನಾನೂ ಇಟ್ಟೀನಿ."

"ಮತ್ತ ಸುಟ್ಟುಬಿಡಬೇಕಿತ್ತು."

"ಒಳಗ ಆಕಿ ಇದ್ದಾಳಲ್ರಿ. ಹೆಂಗ ಸುಡೂದು?"

ಮೇಲುಸೇತುವೆ ಬರುತ್ತದೆಂದು ಆ ಸಾಲಿನ ಅಂಗಡಿಗಳನ್ನೆಲ್ಲ ಎಬ್ಬಿಸುತ್ತಿದ್ದರು. ಅವಳಿಗೂ ಸೀಟನ್ನು ಎಲ್ಲಿಗೆ ಹೊರುವುದೆಂಬ ಚಿಂತೆ ಇದ್ದಿರಬೇಕು. ಕೊನೆಗೆ, "ಉಪ್ಪಿನ ಸಮೇತ ಒಯ್ಯೂದಿದ್ರ ಒಯ್ರಿ" ಅಂದಳು. ಟ್ರಾಲಿ ಆಟೋ ಹೊರಟಾಗ ಕೈ ಮುಗಿದಳು, ಅವನಿಗಲ್ಲ, ಚೀಲಕ್ಕೆ.

ಮನೆ ಮುಟ್ಟಿದೊಡನೆ ವಿನಾಯಕ ಉಪ್ಪನ್ನು ಮೋರಿಗೆ ಸುರಿದ. ತಳದ ಉಪ್ಪು ಕರಿದಾಗಿ, ಗಟ್ಟಿಯಾಗಿ, ಹಸಿಯಾಗಿತ್ತು. ಬರಿದಾದ ಚೀಲದ ಅಡಿಯಲ್ಲಿ ಎರಡು ತೊಡೆಗಳ ಅಚ್ಚು ಒತ್ತಿದ ಹಾಗೆ ಕಂಡಿತು. ಚೀಲವನ್ನು ಝಾಡಿಸಿದ. ಅಚ್ಚು ಹೋಯಿತು. ಕೇದಿಗೆಯ ಒಂದು ವಾಸನೆ ಮಾತ್ರ ಕೈಗೆ ಅಂಟಿಕೊಂಡಿತು. ಸೀಮೆಎಣ್ಣೆಯಲ್ಲಿ ತೊಳೆದರೂ ಹೋಗಲಿಲ್ಲ.

ಕಾರು ಮೊದಲ ಸಲ ಹೊರಡುವ ದಿನಕ್ಕೆ ಊರಿಂದ ತಾಯಿ ಗುಂಡಮ್ಮ ಬಂದಳು. ಅವರ ಮನೆತನದಲ್ಲೊಂದು ರೂಢಿ. ಹೊಸ ಬಂಡಿ ಕಟ್ಟಿದಾಗ ಎತ್ತು ಹೂಡುವ ಮೊದಲು ಮನೆಯ ಮುತ್ತೈದೆಯನ್ನು ಬಂಡಿಯಲ್ಲಿ ಕೂರಿಸಿ ಉಡಿ ತುಂಬಬೇಕು. ಅವಳ ಭಾರ ಬಿದ್ದ ಮೇಲೆಯೇ ಗಾಲಿ ಉರುಳಬೇಕು. ಅಜ್ಜ ಕಟ್ಟಿದ ಒಂದು ಬಂಡಿಯೂ ಹಾಗಲ್ಲದೆ ಅಂಗಳ ದಾಟಿರಲಿಲ್ಲ. ಉಪ್ಪಿಗೆ ನಕ್ಕ ವಿನಾಯಕನಿಗೆ ಈ ರೂಢಿಯೆಂದರೆ ಎದೆ ತುಂಬುತ್ತಿತ್ತು. ಅದು ಅಜ್ಜನದು.

ಗುಂಡಮ್ಮ ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು ಹಿಡಿದು ನಿಂತಾಗ ಶಿವದೇವಿಯ ಮಾತು ಅವನ ನಾಲಗೆಯ ತುದಿಯವರೆಗೆ ಬಂತು. ಹೇಳಿದರೆ ಅವ್ವ ಸೀಟು ಕೀಳಿಸುತ್ತಾಳೆ. ಇಷ್ಟು ದಿನದ ಕೆಲಸ ಮತ್ತೆ ಹಿಂದೆ ಬೀಳುತ್ತದೆ. ಗುಜರಿಯವರ ಕತೆಗೆಲ್ಲ ಎಲ್ಲಿ ಕಿವಿ ಕೊಡುವುದು? ಮಾತು ನುಂಗಿಕೊಂಡ. ತಾನೇ ಬಾಗಿಲು ತೆಗೆದು, "ಬರ್ರಿ ರಾಣಿಸಾಹೇಬ್ರ" ಎಂದು ಬಾಗಿದ.

ರಶ್ಮಿ ನಗುತ್ತ ಎಡಬದಿಗೆ ಕುಳಿತಳು. ಹಸಿರು ಸೀರೆ, ಕೈ ತುಂಬ ಬಳೆ. ಸ್ಪ್ರಿಂಗುಗಳು ನಿಟ್ಟುಸಿರಿಟ್ಟ ಹಾಗೆ ಸದ್ದು ಮಾಡಿ ಕೆಳಗಿಳಿದವು.

"ಸೀಟು ಬೆಚ್ಚಗೈತಿ," ಅಂದಳು. "ಯಾರೋ ಈಗರ ಎದ್ದು ಹೋದಂಗ."

"ಬಿಸಲಾಗ ನಿಂತಿತ್ತಲ್ಲ."

ಕಾರು ಬೆಳಗಿನಿಂದ ಮಾಡಿನ ನೆರಳಿನಲ್ಲೇ ಇತ್ತು. ಗಾಲಿ ನಿಂಬೆಹಣ್ಣಿನ ಮೇಲೆ ಹಾಯಿತು. ಪಚ್ ಎಂದಿತು. ಕೋಠಿಯವರೆಗೆ ಹೋಗಿ ಬಂದರು. ಇಳಿಯುವಾಗ ರಶ್ಮಿಯ ಉಡಿಯಲ್ಲಿ ಅಕ್ಕಿ ಇರಲಿಲ್ಲ. ಸೀಟಿನ ಸಂದಿಗೆ ಬಿದ್ದಿರಬೇಕೆಂದು ಅವನು ಕೈ ಹಾಕಿ ತಡಕಾಡಿದ. ಒಂದು ಕಾಳೂ ಸಿಗಲಿಲ್ಲ.

ಮರುವಾರ ಕಾರು ಹಿಂದೆ ಎಡಕ್ಕೆ ವಾಲಿತ್ತು. ಗಾಲಿಯ ಸ್ಪ್ರಿಂಗ್ ಪಾಟಾ ಸೋತಿರಬೇಕೆಂದು ಬದಲಾಯಿಸಿದ. ಮತ್ತೆ ವಾಲಿತು. ಅಂಬಾಸಡರಿನ ದಪ್ಪ ಪಾಟಾ ತಂದು ಜೋಡಿಸಿದ. ಅದೂ ಬೆನ್ನು ಬಗ್ಗಿಸಿತು. ಜಾಕು ಕೊಟ್ಟು ಎತ್ತುವಾಗ, ಖಾಲಿ ಕಾರಿನಲ್ಲಿ, ಗಾಜಿಗೆ ಏನೋ ತಾಗಿದ ಸದ್ದಾಯಿತು. ಟಕ್ ಟಕ್. ತಲೆ ಎತ್ತಿದರೆ ಯಾರೂ ಇಲ್ಲ. ಮಾಡಿನ ಕತ್ತಲು, ಗ್ರೀಸಿನ ವಾಸನೆ, ಅದರೊಳಗೆ ಕೇದಿಗೆ.

ಮನೆಯಲ್ಲಿ ಬೇರೆಯೇ ಒಂದು ಸದ್ದು ಇಳಿಯುತ್ತಿತ್ತು. ರಶ್ಮಿ ಜೋಳದ ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳಬೇಕು. ಎಡಗೈ ಒಮ್ಮೆ, ಬಲಗೈ ಎರಡು ಸಲ, ಒಂದು ಕುಂಟು ತಾಳ. ಮದುವೆಯಾದ ಹೊಸತರಲ್ಲಿ ಅವನು ಅದಕ್ಕೆ "ನಿನ್ನ ರೊಟ್ಟಿ ಲಂಗಡಾ ಕುದುರಿ" ಎಂದು ಚೇಷ್ಟೆ ಮಾಡುತ್ತಿದ್ದ. ಆ ಬಡಿತ ದಿನದಿಂದ ದಿನಕ್ಕೆ ಮೆತ್ತಗಾಯಿತು. ಕೊನೆಗೆ ಹಿಟ್ಟಿನ ಮೇಲೆ ಪಾರಿವಾಳ ನಡೆದಾಡಿದಷ್ಟು. ಬಳೆಗಳು ಜಾರಿ ಬೀಳುತ್ತಿದ್ದವು. ನಡೆದರೆ ಹೆಜ್ಜೆ ಕೇಳುತ್ತಿರಲಿಲ್ಲ. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಎಲ್ಲ ಸರಿಯಿದೆಯೆಂದು ಟಾನಿಕ್ ಬರೆದರು.

"ನನಗೇನೂ ಬ್ಯಾನಿ ಇಲ್ರಿ," ಅನ್ನುತ್ತಿದ್ದಳು ರಶ್ಮಿ. "ಒಂದ ಅನಸ್ತೈತಿ. ನಾ ಎಲ್ಲೋ ಕುಂತೀನಿ, ಎದ್ದು ಬರಾಕ ಆಗವಲ್ದು."

ತಾಯಿಯನ್ನು ಊರಿಗೆ ಕಳಿಸಲು ಕಾಚಿಗೂಡ ಸ್ಟೇಷನ್ನಿಗೆ ಹೋದ ಸಂಜೆ ಅವನ ನಗು ಪೂರ್ತಿ ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ಬಣ್ಣದ ದೀಪ ಸುತ್ತುವ ತೂಕದ ಯಂತ್ರವಿತ್ತು. ಗುಂಡಮ್ಮ ಹತ್ತಿದಳು. ನಾಣ್ಯ ಬಿತ್ತು, ಚೀಟಿ ಬಂತು. ರಶ್ಮಿಯೂ ಹತ್ತಿದಳು. ನಾಣ್ಯ ಬಿತ್ತು. ದೀಪಗಳು ಸುತ್ತಿದವು. ಸುತ್ತಿದವು. ಯಂತ್ರ ಕಾಯುತ್ತಲೇ ಇತ್ತು, ಇನ್ನೂ ಯಾರೂ ಹತ್ತಿಲ್ಲ ಎನ್ನುವಂತೆ. ಹಿಂದೆ ನಿಂತಿದ್ದವನೊಬ್ಬ ತಾಳ್ಮೆಗೆಟ್ಟು, ಹತ್ತೆಂದು ಕೈ ಮಾಡಿ, "ಅರೇ ಚಢೋ ನಾ ಅಮ್ಮಾ" ಅಂದ.

ಅವಳು ಅದರ ಮೇಲೆಯೇ ನಿಂತಿದ್ದಳು.

ವಿನಾಯಕ ಶಿವದೇವಿಯನ್ನು ಹುಡುಕಿಕೊಂಡು ಹೋದ. ಅಂಗಡಿ ಅರ್ಧ ಕೆಡವಿದ್ದರು. ಅವನ ಮುಖ ಕಂಡೊಡನೆ ಅವಳಿಗೆ ತಿಳಿಯಿತು.

"ಯಾರನ್ನ ಕೂಡಿಸಿದ್ರಿ?"

"ಹೆಂಡ್ತೀನ್ನ."

ಅವಳು ಕೈಯಲ್ಲಿದ್ದ ತಗಡು ಕೆಳಗಿಟ್ಟಳು. "ಉಪ್ಪು ಹೇರಬ್ಯಾಡ್ರಿ ಈಗ. ಹೇರಿದ್ರ ನಿಮ್ಮಾಕಿ ಎದಿ ಮ್ಯಾಲೇ ಹೇರಿದಂಗ."

"ಏನರ ಹಾದಿ ಇರಬೇಕಲ್ರಿ. ಹೇಳ್ರಿ ಅಕ್ಕಾರ, ಕಾಲು ಬೀಳ್ತೀನಿ."

"ನನಗೇನ ಗೊತ್ರಿ? ಮಾವ ಕುಡದಾಗ ಒಂದ ಮಾತು ಅಂತಿದ್ದ." ಅವಳು ಸುತ್ತ ನೋಡಿ ಹತ್ತಿರ ಬಂದಳು. "ಇನ್ನೊಬ್ಬ ಮುತ್ತೈದಿ ಬಂದು ಕುಂತ್ರ ಒಳಗಿನಾಕಿ ಒಬ್ಬಾಕಿ ಏಳ್ತಾಳಂತ. ಏಳಾಕ ಒಂದು ಮೈ ಇರಬೇಕು, ಇಲ್ಲಂದ್ರ ಎಲ್ಲಿಗೆ ಹೋದಾಳು? ನಿಮ್ಮಾಕಿ ಮೈ ಇನ್ನೂ ಮನ್ಯಾಗ ಐತಲ್ಲ?"

ಐತಿ, ಅಂದ. ಅಷ್ಟೇ ಸಾಕಾಗಿತ್ತು ಅವನಿಗೆ. ಮುಂದೇನೂ ಕೇಳಲಿಲ್ಲ. ಅವಳು ಹಿಂದಿನಿಂದ, "ಪಾಪ ಕಟಗೋಬ್ಯಾಡ್ರಿ" ಎಂದು ಕೂಗಿದ್ದು ಬಸ್ಸುಗಳ ಗದ್ದಲದಲ್ಲಿ ಹೋಯಿತು.

ಮೊದಮೊದಲು ಅವನಿಗೆ ಆ ಯೋಚನೆಯೇ ಹೇಸಿಗೆಯೆನಿಸಿತು. ಕೊಯ್ದು ತೆಗೆದುಬಿಡುತ್ತೇನೆಂದು ಚಾಕು ಹಿಡಿದು ಸೀಟಿನ ಹತ್ತಿರ ಹೋದ. ಚರ್ಮಕ್ಕೆ ತುದಿ ತಾಗಿತು, ಅಷ್ಟೇ. ಅಡುಗೆಮನೆಯಲ್ಲಿ ರಶ್ಮಿ ಚೀರಿದಳು. ಅವಳ ಪಕ್ಕೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಕೆಂಪಗೆ ಎದ್ದಿತ್ತು. ಚಾಕುವನ್ನು ಹಿತ್ತಲ ಬಾವಿಗೆ ಎಸೆದ. ಆಮೇಲೆ ಹಾಸಿಗೆ ಹಿಡಿದ ಅವಳನ್ನು ಮಂಚದಿಂದ ಎತ್ತುವಾಗ, ಮೊರದಲ್ಲಿ ಹೊಟ್ಟು ಎತ್ತಿದ ಹಾಗಾಗುತ್ತಿತ್ತು. ಫ್ಯಾನು ಹಾಕಲು ಹೆದರಿಕೆ. ಹೇಸಿಗೆ ಸವೆಯತೊಡಗಿತು.

ಆ ಹೊತ್ತಿಗೇ ಅವರು ಬಂದರು. ಮಧ್ಯಾಹ್ನ, ಕರೆಂಟು ಹೋಗಿತ್ತು. ಮಾಧಾಪುರದ ಕಂಪನಿಯ ಹುಡುಗ, ಜೊತೆಗೆ ಅವನ ಹೆಂಡತಿ ಮಾನಸಾ. ಕೊರಳಿನಲ್ಲಿ ಅರಿಶಿನದ ದಾರ ಇನ್ನೂ ಒಣಗಿರಲಿಲ್ಲ. ಕಾಲುಂಗುರಕ್ಕೆ ಹೊಂದಿಕೊಳ್ಳದೆ ಒಂದು ನಮೂನೆ ನಡೆಯುತ್ತಿದ್ದಳು. ಸಂಜೆ ಅವರ ರಿಸೆಪ್ಷನ್ನು. ಒಂದು ದಿನದ ಮಟ್ಟಿಗಾದರೂ ಕಾರು ಬೇಕಂತೆ. ಹುಡುಗ ಬಾನೆಟ್ಟು ಸವರುತ್ತಿದ್ದ. ಅವಳು ವಿನಾಯಕನನ್ನು ನೋಡಿ ನಕ್ಕಳು. ಮುಂದಿನ ಹಲ್ಲು ಸ್ವಲ್ಪ ಮೇಲೆದ್ದ, ಚೊಕ್ಕ ನಗು. ತಂಗಿಯ ಹಾಗಿದ್ದಳು.

ಇಲ್ಲ ಅನ್ನಬೇಕೆಂದು ಅವನು ಬಾಯಿ ತೆಗೆದ. ಒಳಗೆ ಮಂಚದ ಮೇಲೆ ರಶ್ಮಿ ಇದ್ದಳು. ಉಸಿರು ಬಿಟ್ಟರೆ ಸೀರೆ ಅಲುಗುವುದೂ ನಿಂತಿತ್ತು.

ಅವನ ಕೈ ಹೋಗಿ ಹಿಂದಿನ ಬಾಗಿಲು ತೆಗೆಯಿತು.

"ಕೂರ್ಚೋ ಅಮ್ಮಾ," ಅಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

ಅವಳು ಕುಳಿತಳು. ಎಡಬದಿಗೇ. ಸ್ಪ್ರಿಂಗುಗಳು ನಿಟ್ಟುಸಿರಿಟ್ಟವು.

"ಸೀಟು ವೆಚ್ಚಗಾ ಉಂದಿ ಅಂಕುಲ್."

ಅದೇ ಮಾತು, ತೆಲುಗಿನಲ್ಲಿ. ಅವನು ಬಾಗಿಲು ಮುಚ್ಚಿದ. ಕೀಲಿಯನ್ನು ಹುಡುಗನ ಕೈಗೆ ತುರುಕಿದ. ಹಣದ ಮಾತು ತೆಗೆದರೆ ಬೇಡವೆಂದು ಕೈಯಾಡಿಸಿದ. ಹೋಗಿ. ಬೇಗ ಹೋಗಿ.

ಇಂಜಿನ್ನು ಗುಡುಗಿತು. ಅದೇ ಗಳಿಗೆಗೆ ಮನೆಯೊಳಗೆ ಮಂಚ ಕಿರುಗುಟ್ಟಿತು. ಹೆಜ್ಜೆ. ಒಂದು. ಇನ್ನೊಂದು. ತುಂಬಿದ, ಭಾರದ ಹೆಜ್ಜೆಗಳು, ನೆಲ ಕೇಳುವ ಹಾಗೆ. ರಶ್ಮಿ ಬಾಗಿಲಿಗೆ ಬಂದು ನಿಂತಳು. ಕೆನ್ನೆ ತುಂಬಿತ್ತು. ಬಳೆಗಳು ಕೈಗೆ ಕಚ್ಚಿ ಕೂತಿದ್ದವು. ವಿನಾಯಕ ಓಡಿ ಹೋಗಿ ಅವಳ ಕಾಲು ಹಿಡಿದುಕೊಂಡು ಅತ್ತ. ಎಷ್ಟು ಭಾರದ ಕಾಲು! ಎಷ್ಟು ಚೆಂದದ ಭಾರ!

ಅವಳು ಬಗ್ಗಿ ಅವನನ್ನು ಎಬ್ಬಿಸಲಿಲ್ಲ.

ಕಾರು ಓಣಿಯ ತಿರುವಿನಲ್ಲಿ ನಿಧಾನಿಸಿತು. ಹಿಂದೆ, ಎಡಕ್ಕೆ, ನೆಲ ಮುಟ್ಟುವಷ್ಟು ವಾಲಿತ್ತು. ಇಂಜಿನ್ನಿನ ಸದ್ದಿನ ಕೆಳಗಿಂದ, ಸೀಟಿನ ಒಡಲಿನಿಂದ, ಇನ್ನೊಂದು ಸದ್ದು ಬರುತ್ತಿತ್ತು. ಒಮ್ಮೆ. ಆಮೇಲೆ ಎರಡು ಸಲ. ಒಮ್ಮೆ. ಎರಡು ಸಲ. ಕುಂಟು ತಾಳ. ಜೋರಾಗಿ, ಗಾಬರಿಯಲ್ಲಿ, ಮುಚ್ಚಿದ ಬಾಗಿಲು ಬಡಿದ ಹಾಗೆ.

ಅವನು ಎದ್ದ. ಓಡಿದ. ಚಪ್ಪಲಿ ಹರಿಯಿತು. ತಿರುವು ಮುಟ್ಟಿದ. ಸುಲ್ತಾನ್ ಬಜಾರಿನ ಕಡೆಯ ರಸ್ತೆಯಲ್ಲಿ ಆಟೋಗಳು, ಬಸ್ಸು, ಹೊಗೆ. ಕಾರು ಇಲ್ಲ. ಬಡಿತ ಇಲ್ಲ.

ಹಿಂದಿರುಗಿದಾಗ ಅವಳು ಕಿಟಕಿಯಲ್ಲಿ ನಿಂತಿದ್ದಳು. ಬೆಳಿಗ್ಗೆ ಅವನೇ ಕಲಸಿಟ್ಟ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಮನೆ ತುಂಬ ಕೇದಿಗೆಯ ವಾಸನೆ. ಅವನ ಗ್ರೀಸು ಮೆತ್ತಿದ ಕೈಗಳನ್ನು ಅವಳು ನೋಡಿದಳು, ಮನೆಯ ಆಳನ್ನು ನೋಡುವ ಹಾಗೆ. ಬಲಗೈ ಎತ್ತಿದಳು. ಮದುವೆಯಲ್ಲಿ ಅವನೇ ತೊಡಿಸಿದ ಉಂಗುರದಿಂದ ಗಾಜು ಬಡಿದಳು.

ಟಕ್ ಟಕ್.

"ಗಾಡಿ ಎಲ್ಲಿ?" ಅಂದಳು. "ಹೊಂಡು."